ಹುಲ್ಲು ಹಿಡಿದಿಟ್ಟ ಹಳಿಗಳು

ಬ್ರಿಟನ್ನಿನ ರೈಲುಗಳು 1948ರ ಜನವರಿ 1ರಂದು ರಾಷ್ಟ್ರೀಕರಣಗೊಂಡಾಗ ವೇಲ್ಸ್‌ನ ಪಶ್ಚಿಮ ಕರಾವಳಿಯ ಪುಟ್ಟ ರೈಲೊಂದು ಸರಕಾರದ ಪಟ್ಟಿಯಲ್ಲಿ ಇರಲಿಲ್ಲ. ಟೌವಿನ್ ಎಂಬ ಕಡಲತಡಿಯ ಊರಿನಿಂದ ಬೆಟ್ಟಗಳ ನಡುವಿನ ಕಲ್ಲುಗಣಿಯವರೆಗೆ ಸುಮಾರು 11 ಕಿಲೋಮೀಟರ್ ಸಾಗುತ್ತಿದ್ದ ಟಾಲಿಲಿನ್ ರೈಲು ಅದು. ಸರಕಾರ ಅದನ್ನು ಮರೆತಿತೋ, ಬೇಡವೆಂದೇ ಕೈಬಿಟ್ಟಿತೋ, ಅಂತೂ ಹೀಗೆ ಹೊರಗುಳಿದದ್ದೇ ಅದರ ಪಾಲಿಗೆ ವರವಾಯಿತು. ಪಟ್ಟಿಯಲ್ಲಿ ಸೇರಿದ್ದ ಅದೇ ಕಣಿವೆಯಾಚೆಯ ಕೊರಿಸ್ ರೈಲು ಆ ವರ್ಷವೇ ಮುಚ್ಚಿಹೋಯಿತು.

ಟಾಲಿಲಿನ್ ಹುಟ್ಟಿದ್ದು ದೂರದ ಒಂದು ಯುದ್ಧದಿಂದ. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಪೂರೈಕೆ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಸೊರಗಿದಾಗ, ಮ್ಯಾಕ್‌ಕಾನೆಲ್ ಮನೆತನದ ಗಿರಣಿ ಮಾಲೀಕರು ತಮ್ಮ ಬಂಡವಾಳವನ್ನು ವೇಲ್ಸ್‌ನ ಹಾಸುಗಲ್ಲಿನ ಗಣಿಗೆ ತಿರುಗಿಸಿದರು. ಮನೆಗಳ ಮಾಡಿಗೆ ಹೊದಿಸುವ ಆ ಕಲ್ಲನ್ನು ಬ್ರಿನ್ ಎಗ್ಲುಯಿಸ್ ಗಣಿಯಿಂದ ಕೆಳಗಿಳಿಸಲು 1865ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ರೈಲು ಮಂಜೂರಾಯಿತು. ಹಳಿಗಳ ನಡುವಿನ ಅಂತರ 2 ಅಡಿ 3 ಅಂಗುಲ ಮಾತ್ರ. ಮರುವರ್ಷ ಪ್ರಯಾಣಿಕರನ್ನು ಒಯ್ಯುವ ಮುನ್ನ ಸರಕಾರಿ ತಪಾಸಣಾಧಿಕಾರಿ ಬಂದು ನೋಡಿದರೆ, ಸೇತುವೆಗಳ ಕೆಳಗೆ ಬೋಗಿಯ ಬಾಗಿಲು ತೆರೆಯುವಷ್ಟೂ ಸುರಕ್ಷಿತ ಜಾಗವಿರಲಿಲ್ಲ. ಸೇತುವೆ ಒಡೆಯುವುದು ದುಬಾರಿ. ಆದ್ದರಿಂದ ಹಳಿಯನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯ ಬಾಗಿಲುಗಳನ್ನು ಕಾಯಂ ಮುಚ್ಚಿಬಿಟ್ಟರು. ಅಗ್ಗದ ಈ ಪರಿಹಾರದ ಗುರುತು ಆ ರೈಲಿನ ಮೇಲೆ ಇಂದಿಗೂ ಉಳಿದಿದೆ.

1911ರಲ್ಲಿ ಗಣಿಯನ್ನೂ ರೈಲನ್ನೂ ಸ್ಥಳೀಯ ಲಿಬರಲ್ ಸಂಸತ್ ಸದಸ್ಯ ಹೇಡನ್ ಜೋನ್ಸ್ ಕೊಂಡರು. 1946ರ ಡಿಸೆಂಬರಿನಲ್ಲಿ ಗಣಿ ಕುಸಿದು ಶಾಶ್ವತವಾಗಿ ಮುಚ್ಚಿತು. ಸಾಗಿಸಲು ಕಲ್ಲೇ ಇಲ್ಲದ ಮೇಲೆ ರೈಲಿಗೇನು ಕೆಲಸ? ಆದರೆ ತಾವು ಬದುಕಿರುವವರೆಗೆ ರೈಲು ಓಡುತ್ತದೆಂದು ಮಾತು ಕೊಟ್ಟಿದ್ದ ಜೋನ್ಸ್ ನಷ್ಟವನ್ನು ಭರಿಸಿಕೊಂಡು ಬೇಸಿಗೆಯಲ್ಲಿ ವಾರಕ್ಕೆ ಕೆಲವು ದಿನ ಪ್ರವಾಸಿಗರಿಗಾಗಿ ಅದನ್ನು ಓಡಿಸಿದರು. 1950ರ ಜುಲೈನಲ್ಲಿ ಅವರು ತೀರಿಕೊಂಡರು. ಅವರ ಮಾತಿನ ಅವಧಿ ಅಲ್ಲಿಗೆ ಮುಗಿಯಿತು.

ಇಲ್ಲಿ ಎಲ್.ಟಿ.ಸಿ. ರೋಲ್ಟ್ ಪ್ರವೇಶಿಸುತ್ತಾರೆ. ತರಬೇತಿಯಿಂದ ಎಂಜಿನಿಯರ್, ವೃತ್ತಿಯಿಂದ ಲೇಖಕ. ದೋಣಿಯನ್ನೇ ಮನೆ ಮಾಡಿಕೊಂಡು ಇಂಗ್ಲೆಂಡಿನ ಕಾಲುವೆಗಳಲ್ಲಿ ಬದುಕಿದವರು, 1946ರಲ್ಲಿ ಒಳನಾಡು ಜಲಮಾರ್ಗ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಹಳೆಯದನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಯಂತ್ರ ದುಡಿಯುತ್ತಿರಬೇಕು, ಕಾಲುವೆಯಲ್ಲಿ ಸರಕು ಸಾಗಬೇಕು. ರೈಲಿನ ಭವಿಷ್ಯದ ಬಗ್ಗೆ ‘ಬರ್ಮಿಂಗ್‌ಹ್ಯಾಮ್ ಪೋಸ್ಟ್’ ಪತ್ರಿಕೆಗೆ ಅವರು ಪತ್ರ ಬರೆದರು. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ಕರೆದ ಸಭೆಗೆ ಎಪ್ಪತ್ತರಷ್ಟು ಜನ ಬಂದರು. ಟಾಲಿಲಿನ್ ರೈಲು ಸಂರಕ್ಷಣಾ ಸಂಘ ಹುಟ್ಟಿತು. ಸ್ವಯಂಸೇವಕರೇ ಒಂದು ರೈಲನ್ನು ವಹಿಸಿಕೊಂಡು ನಡೆಸುವ ಸಾಹಸಕ್ಕೆ ಜಗತ್ತಿನಲ್ಲಿ ಅದಕ್ಕೂ ಮೊದಲು ಮಾದರಿ ಇರಲಿಲ್ಲ.

ವಹಿಸಿಕೊಂಡಾಗ ಕಂಡದ್ದೇನು? ಎರಡು ಎಂಜಿನ್‌ಗಳ ಪೈಕಿ ‘ಟಾಲಿಲಿನ್’ ಕೆಟ್ಟು ನಿಂತಿತ್ತು. 1866ರ ‘ಡೋಲ್ಗೋಖ್’ ಒಂದೇ ಹೇಗೋ ಉಸಿರಾಡುತ್ತಿತ್ತು. ಹಳಿಗಳು ಆರಂಭಕಾಲದ ಕಬ್ಬಿಣದವು, ಕೆಳಗಿನ ಮರದ ದಿಮ್ಮಿಗಳು ಕೊಳೆತವು. ಹಳಿಗಳನ್ನು ಅಂತರ ತಪ್ಪದಂತೆ ಹಿಡಿದಿಟ್ಟಿದ್ದುದು ಬಹುಮಟ್ಟಿಗೆ ಅವುಗಳ ಮೇಲೆ ಬೆಳೆದ ಹುಲ್ಲು! ಕಳೆ ಕೀಳುವುದು ಸಂರಕ್ಷಣೆಯ ಮೊದಲ ಹೆಜ್ಜೆ ಎಂದು ಭಾವಿಸಿದ ಉತ್ಸಾಹಿಗೆ ಇದೊಂದು ವಿಚಿತ್ರ ಪಾಠ. 1951ರ ಮೇ 14ರಂದು ಸಂಘದ ಮೊದಲ ರೈಲು ದಾರಿಯ ಒಂದು ಭಾಗದಲ್ಲಷ್ಟೇ ಓಡಿತು. ಮುಚ್ಚಿದ ಕೊರಿಸ್ ರೈಲಿನ ಹಳಿಯ ಅಂತರವೂ 2 ಅಡಿ 3 ಅಂಗುಲವೇ ಆಗಿದ್ದುದು ದೊಡ್ಡ ಅದೃಷ್ಟ. ಅದರ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡ್‌ಗೆ ಕೊಳ್ಳಲಾಯಿತು. ಒಂದಕ್ಕೆ ಇಟ್ಟ ಹೆಸರು ‘ಸರ್ ಹೇಡನ್’. ಇನ್ನೊಂದಕ್ಕೆ ಆ ರೈಲಿನಲ್ಲೇ ಆಯುಷ್ಯ ಸವೆಸಿದ ವ್ಯವಸ್ಥಾಪಕ ‘ಎಡ್ವರ್ಡ್ ಥಾಮಸ್’ ಅವರ ಹೆಸರು. ‘ಸರ್ ಹೇಡನ್’ ಮಾತ್ರ ಸಡಿಲ ಹಳಿಗಳ ಮೇಲೆ ನಿಲ್ಲಲಾರದೆ ಪದೇ ಪದೇ ಕೆಳಗಿಳಿಯುತ್ತಿತ್ತು. ‘ಎಡ್ವರ್ಡ್ ಥಾಮಸ್’ ಅನ್ನು ಲೀಡ್ಸ್‌ನ ಹನ್ಸ್‌ಲೆಟ್ ಕಾರ್ಖಾನೆ ಉಚಿತವಾಗಿ ದುರಸ್ತಿ ಮಾಡಿಕೊಟ್ಟಿತು. ಅದರ ಅಧ್ಯಕ್ಷರು ಸಂಘದ ಸದಸ್ಯರಾಗಿದ್ದರು.

ಈ ಕಥೆಯನ್ನು ಪ್ರೀತಿಯ ಗೆಲುವೆಂದು ಹೇಳಿ ಮುಗಿಸುವುದು ರೂಢಿ. ಆದರೆ ಪ್ರೀತಿಯಿಂದ ಬಾಯ್ಲರ್ ದುರಸ್ತಿಯಾಗುವುದಿಲ್ಲ. ವಾರಾಂತ್ಯಕ್ಕೆ ಬರುವ ಗುಮಾಸ್ತ, ಶಿಕ್ಷಕ, ಅಂಗಡಿಕಾರರ ಜತೆಗೆ ಸಂಬಳ ಪಡೆಯುವ ಅನುಭವಿಗಳೂ ಬೇಕಾದರು. ಹಳೆಯ ಕೆಲಸಗಾರರ ಕೈಚಳಕವನ್ನು ಹೊಸಬರು ಪಕ್ಕದಲ್ಲಿ ನಿಂತು ಕಲಿಯಬೇಕಾಯಿತು. ಇನ್ನೊಂದು ಮಾತನ್ನು ಉತ್ಸಾಹಿಗಳ ಬರಹಗಳು ಹೆಚ್ಚು ಆಡುವುದಿಲ್ಲ. ಗಣಿ ಕಾರ್ಮಿಕರಿಗೆ ಈ ರೈಲು ಹೊಟ್ಟೆಪಾಡಿನ ದಾರಿ. ಕೆಲಸ ಹೋದ ನಾಲ್ಕೇ ವರ್ಷಗಳಲ್ಲಿ ಅದೇ ದಾರಿ ಇಂಗ್ಲಿಷ್ ನಗರದ ಬಿಡುವಿದ್ದವರ ಹವ್ಯಾಸವಾಯಿತು. ಸಲಿಕೆ ಹಿಡಿದವನ ಶ್ರಮ ಎರಡು ಕಾಲದಲ್ಲೂ ಒಂದೇ; ಒಬ್ಬನಿಗೆ ಅದು ಅನಿವಾರ್ಯ, ಮತ್ತೊಬ್ಬನಿಗೆ ಆಯ್ಕೆ. ಹಾಗೆಂದು ಸಂಘವನ್ನು ದೂರುವುದು ಸರಿಯಲ್ಲ. ಅವರು ಬಾರದಿದ್ದರೆ ಹಳಿಗಳು ಗುಜರಿಗೆ ಹೋಗುತ್ತಿದ್ದವು, ಗಣಿಯವರ ನೆನಪೂ ಅದರೊಂದಿಗೆ.

ರೋಲ್ಟ್ ಮೊದಲ ಎರಡು ಋತುಗಳಲ್ಲಿ ರೈಲಿನ ಆಡಳಿತ ನೋಡಿಕೊಂಡು, 1953ರಲ್ಲಿ ‘ರೈಲ್ವೆ ಅಡ್ವೆಂಚರ್’ ಎಂಬ ಪುಸ್ತಕ ಬರೆದರು. ಅದೇ ವರ್ಷ ಈಲಿಂಗ್ ಸ್ಟುಡಿಯೋದ ‘ದ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’ ಹಾಸ್ಯಚಿತ್ರ ತೆರೆಕಂಡಿತು. ಅದಕ್ಕೆ ಪ್ರೇರಣೆ ಇದೇ ರೈಲು. ನಮ್ಮ ಮನೆಗಳ ಮಕ್ಕಳೂ ಟಿ.ವಿ.ಯಲ್ಲಿ ನೋಡಿ ಬೆಳೆದ ‘ಥಾಮಸ್’ ಎಂಜಿನ್ನಿನ ಸೃಷ್ಟಿಕರ್ತ, ಪಾದ್ರಿ ಡಬ್ಲ್ಯು. ಆಡ್ರಿ ಕೂಡ 1952ರಲ್ಲಿ ಇಲ್ಲಿ ಗಾರ್ಡ್ ಆಗಿ ಸೇವೆ ಸಲ್ಲಿಸಿದರು. ಒಮ್ಮೆ ಚಹಾ ತಿಂಡಿ ಮಾರುವ ಮಹಿಳೆಯನ್ನು ನಿಲ್ದಾಣದಲ್ಲೇ ಬಿಟ್ಟು ರೈಲು ಹೊರಡಿಸಿದ್ದರು; ಆ ಫಜೀತಿಯನ್ನೂ ಕಥೆಯಾಗಿಸಿದರು.

ದಾರಿ ತೋರಿದ ಮೇಲೆ ಹಿಂಬಾಲಿಸುವವರಿಗೆ ಬರವೇ? ಫೆಸ್ಟಿನಿಯಾಗ್ 1955ರಲ್ಲಿ, ಇಂಗ್ಲೆಂಡಿನ ಬ್ಲೂಬೆಲ್ 1960ರಲ್ಲಿ ಹೀಗೆಯೇ ಮರಳಿ ಓಡಿದವು. ಎಂಜಿನ್‌ಗಳನ್ನು ಮಾರಿ ಮಾಯವಾಗಿದ್ದ ಕೊರಿಸ್ ರೈಲು ಕೂಡ, ತನ್ನದೇ ಸ್ವಯಂಸೇವಕರ ದೆಸೆಯಿಂದ, 2002ರಲ್ಲಿ ಚಿಕ್ಕದೊಂದು ದಾರಿಯಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಟಾಲಿಲಿನ್ 1976ರಲ್ಲಿ ನಾಂಟ್ ಗ್ವೆರ್ನೋಲ್‌ವರೆಗೆ ಪ್ರಯಾಣಿಕರ ಸೇವೆ ವಿಸ್ತರಿಸಿತು. 2021ರಲ್ಲಿ ವಾಯವ್ಯ ವೇಲ್ಸ್‌ನ ಹಾಸುಗಲ್ಲಿನ ಪ್ರದೇಶವನ್ನು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಿನ್ ಎಗ್ಲುಯಿಸ್ ಗಣಿಗೂ ಈ ರೈಲಿಗೂ ಒಟ್ಟಿಗೇ ಸ್ಥಾನ ಸಿಕ್ಕಿತು.

ಈಗಿನ ತೊಡಕು ಬೇರೆ. ಉಗಿಬಂಡಿಗೆ ಕಲ್ಲಿದ್ದಲು ಬೇಕು, ಅದನ್ನು ಬ್ರಿಟನ್ ಅಗೆಯುವುದನ್ನೇ ಬಹುಪಾಲು ನಿಲ್ಲಿಸಿದೆ. ವೇಲ್ಸ್‌ನ ಫೋಸ್-ಅ-ವ್ರಾನ್ ಗಣಿಯೂ 2023ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಕಲ್ಲಿದ್ದಲಿನ ನಾಡೆಂದೇ ಹೆಸರಾಗಿದ್ದ ವೇಲ್ಸ್‌ನಲ್ಲಿ, ಪಾರಂಪರಿಕ ರೈಲುಗಳ ಸ್ವಯಂಸೇವಕರು ಈಗ ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲಿನ ದರ ಲೆಕ್ಕ ಹಾಕುತ್ತಿದ್ದಾರೆ. ಕೆಲವರು ಕಲ್ಲಿದ್ದಲ ಪುಡಿಯನ್ನು ಅಚ್ಚೊತ್ತಿ ಮಾಡಿದ ಉಂಡೆಗಳನ್ನು ಒಲೆಗೆ ಹಾಕಿ ನೋಡುತ್ತಿದ್ದಾರೆ.