ಕೋಶಚಕ್ರದ ನಿಯಂತ್ರಣ ಮತ್ತು ಆರ್‌ಬಿ ವಂಶವಾಹಿ

'ಕ್ಯಾನ್ಸರ್‌ಕಾರಕ ವಂಶವಾಹಿ' ಎಂಬ ರೂಢಿಯ ಮಾತು ಪರಸ್ಪರ ವಿರುದ್ಧವಾದ ಎರಡು ಸಂಗತಿಗಳನ್ನು ಒಂದೇ ಹೆಸರಿನಡಿ ಮರೆಮಾಡುತ್ತದೆ. ಕೋಶವಿಭಜನೆಯನ್ನು ಪ್ರೇರಿಸುವ ವಂಶವಾಹಿ ಅತಿಯಾಗಿ ಚುರುಕುಗೊಂಡರೆ ಅರ್ಬುದ ಹುಟ್ಟಬಹುದು. ವಿಭಜನೆಯನ್ನು ತಡೆಯುವ ವಂಶವಾಹಿ ನಷ್ಟವಾದರೂ ಹುಟ್ಟಬಹುದು. ಮೊದಲನೆಯದನ್ನು ಅರ್ಬುದಜನಕವೆಂದೂ ಎರಡನೆಯದನ್ನು ಅರ್ಬುದನಿರೋಧಕವೆಂದೂ ಬೇರ್ಪಡಿಸಿ ಕರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಎಳೆಯ ಮಕ್ಕಳ ಅಕ್ಷಿಪಟಲದ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮ ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ.

ಡಿಎನ್‌ಎಯನ್ನು ಇಮ್ಮಡಿಗೊಳಿಸುವ ಮುನ್ನ ಕೋಶವು ಒಂದು ಹೊಸ್ತಿಲನ್ನು ದಾಟಬೇಕು. ಅಲ್ಲಿ ಆರ್‌ಬಿ ಪ್ರೋಟೀನು ಇ2ಎಫ್ ಎಂಬ ಪ್ರೋಟೀನುಗಳನ್ನು ಹಿಡಿದಿಟ್ಟಿರುತ್ತದೆ. ಬೆಳವಣಿಗೆಯ ಸಂಕೇತ ಬಂದಾಗ ಸೈಕ್ಲಿನ್-ಡಿ ಮತ್ತು ಅದರ ಜೊತೆಗಾರ ಕಿಣ್ವಗಳು ಆರ್‌ಬಿಗೆ ಫಾಸ್ಫೇಟನ್ನು ಸೇರಿಸುತ್ತವೆ. ಹಿಡಿತ ಸಡಿಲಿ, ಇ2ಎಫ್ ಬಿಡುಗಡೆಯಾಗಿ, ಇಮ್ಮಡಿಕೆಗೆ ಬೇಕಾದ ವಂಶವಾಹಿಗಳು ಕ್ರಿಯಾಶೀಲವಾಗುತ್ತವೆ. ಆರ್‌ಬಿಯನ್ನೇ ಕಳೆದುಕೊಂಡ ಕೋಶವಾದರೋ ಸಂಕೇತಕ್ಕೆ ಕಾಯುವುದಿಲ್ಲ.

13ನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಗೆ ಎರಡು ಪ್ರತಿಗಳು. ಒಂದು ಉಳಿದರೂ ತಡೆ ಉಳಿಯುತ್ತದೆ. ಎರಡು ಪೆಟ್ಟುಗಳು ಬೇಕೆಂದು ಆಲ್ಫ್ರೆಡ್ ನುಡ್‌ಸನ್ 1971ರಲ್ಲಿಯೇ ತರ್ಕಿಸಿದ್ದರು. ವಂಶವಾಹಿ ಕೈಗೆ ಸಿಕ್ಕಿದ್ದು 1986ರಲ್ಲಿ. ಮೊದಲ ಪೆಟ್ಟನ್ನು ಹುಟ್ಟಿನಿಂದಲೇ ಹೊತ್ತ ಮಗುವಿಗೆ ರೋಗ ಬೇಗನೆ, ಹಲವು ವೇಳೆ ಎರಡೂ ಕಣ್ಣುಗಳಲ್ಲಿ ತಲೆದೋರುತ್ತದೆ. (ಆರ್‌ಬಿ ಸರಿಯಿದ್ದೂ ಎಂವೈಸಿಎನ್ ಎಂಬ ಅರ್ಬುದಜನಕದ ಪ್ರತಿಗಳು ವಿಪರೀತ ಹೆಚ್ಚಿ ಇದೇ ಗೆಡ್ಡೆ ಮೂಡಿದ ವಿರಳ ಪ್ರಕರಣಗಳು 2013ರಲ್ಲಿ ವರದಿಯಾದವು.)

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಂಶೋಧಕರು ಭಾರತೀಯ ರೋಗಿಗಳ ಆರ್‌ಬಿ ವಂಶವಾಹಿಯಲ್ಲಿನ ಉತ್ಪರಿವರ್ತನೆಗಳನ್ನು ವಿಶ್ಲೇಷಿಸಿ 2002ರಲ್ಲಿ ಪ್ರಕಟಿಸಿದರು. ಕುಟುಂಬದ ದೋಷ ನಿಖರವಾಗಿ ತಿಳಿದರೆ, ರೋಗಿಯ ತಮ್ಮತಂಗಿಯರಲ್ಲಿ ಯಾರನ್ನು ಅರಿವಳಿಕೆ ಕೊಟ್ಟು ಪದೇಪದೇ ಪರೀಕ್ಷಿಸಬೇಕು, ಯಾರಿಗೆ ಆ ಸಂಕಟ ಬೇಡ ಎಂದು ಹೇಳಲು ಸಾಧ್ಯ. ಪಾಪೆಯಲ್ಲಿ ಬಿಳಿಯ ಹೊಳಪು ಕಾಣಿಸಿದ ಮೇಲೆ ಕರೆತಂದ ಮಗುವಿಗಿಂತ, ಹೀಗೆ ಮೊದಲೇ ಪರೀಕ್ಷೆಗೊಳಗಾದ ಮಗುವಿನ ಕಣ್ಣು ಉಳಿಯುವ ಸಂಭವ ಹೆಚ್ಚು.