ಆಸ್ಪತ್ರೆಗೂ ಮನೆಗೂ ನಡುವಿನ ಆರೈಕೆ

ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರೊಬ್ಬರನ್ನು ಕಾಸರಗೋಡಿನ ಕುಟುಂಬವೊಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿತೆಂದು ಭಾವಿಸೋಣ. ಕೆಲವು ದಿನಗಳಲ್ಲಿ ಪ್ರಾಣಾಪಾಯ ತಪ್ಪುತ್ತದೆ. ಬಿಡುಗಡೆಯ ಚೀಟಿ ಕೈಸೇರುತ್ತದೆ. ಆದರೆ ರೋಗಿ ಇನ್ನೂ ಎದ್ದು ಕೂರಲಾರರು, ನೀರನ್ನು ಸರಿಯಾಗಿ ನುಂಗಲಾರರು. ತುರ್ತು ಚಿಕಿತ್ಸೆಯ ಅವಧಿ ಮುಗಿದಿದೆ, ಗುಣಮುಖರಾಗುವ ಅವಧಿ ಈಗಷ್ಟೇ ಆರಂಭವಾಗಿದೆ. ಈ ನಡುವಣ ಹಂತದ ಶುಶ್ರೂಷೆಯನ್ನು ಯಾರು, ಎಲ್ಲಿ ನೀಡಬೇಕು?

ಇಂತಹ ಆರೈಕೆ ಅಗತ್ಯವೆಂಬುದರಲ್ಲಿ ವೈದ್ಯಕೀಯ ವಲಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೊಣೆ ಯಾರದೆಂಬಲ್ಲಿ ದೃಷ್ಟಿ ಬೇರೆಬೇರೆಯಾಗುತ್ತದೆ. ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಮುಂದಿನ ತುರ್ತು ರೋಗಿಗೆ ಹಾಸಿಗೆ ತೆರವಾಗಬೇಕು. ಊರಿನ ವೈದ್ಯರಿಗೆ ಅಂತಹ ರೋಗಿಯನ್ನು ವಹಿಸಿಕೊಳ್ಳಲು ಸಾಕಷ್ಟು ದಾದಿಯರೂ, ಸ್ಥಿತಿ ಬಿಗಡಾಯಿಸಿದರೆ ಒಡನೆ ಸಲಹೆ ನೀಡುವ ತಜ್ಞರೂ ಬೇಕು. ಫಿಸಿಯೋಥೆರಪಿಸ್ಟರ ಆತಂಕ ಕಾಲದ ಕುರಿತಾದುದು: ಪಾರ್ಶ್ವವಾಯುವಿನ ಬಳಿಕ ಚೇತರಿಕೆ ಹೆಚ್ಚು ವೇಗವಾಗಿ ನಡೆಯುವುದು ಮೊದಲ ಮೂರು ತಿಂಗಳಲ್ಲಿ. ಆ ಅವಧಿ ಹಾಸಿಗೆಯಲ್ಲೇ ಕಳೆದರೆ ಕೀಲುಗಳು ಬಿಗಿದುಕೊಳ್ಳುತ್ತವೆ, ಸ್ನಾಯುಗಳು ಸೊರಗುತ್ತವೆ.

ದಾದಿಯರ ದೃಷ್ಟಿ ಇನ್ನೂ ಸೂಕ್ಷ್ಮವಾದುದು. ಮಲಗಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ನೆಟ್ಟಗೆ ಕುಳ್ಳಿರಿಸಿ ಉಣಿಸುವುದು, ಮೂತ್ರದ ನಳಿಕೆಯನ್ನು ಶುಚಿಯಾಗಿಡುವುದು – ಇವು ಚಿಕ್ಕ ಕೆಲಸಗಳಂತೆ ಕಂಡರೂ ಇವುಗಳಲ್ಲಿ ತಪ್ಪಿದರೆ ಹಾಸಿಗೆ ಹುಣ್ಣು, ಶ್ವಾಸಕೋಶದ ಸೋಂಕು, ಮತ್ತೆ ಆಸ್ಪತ್ರೆ. ಬಿಡುಗಡೆಯ ಹೊತ್ತಿನ ಗಡಿಬಿಡಿಯಲ್ಲಿ ಇದನ್ನೆಲ್ಲ ಮನೆಯವರಿಗೆ ಕಲಿಸಲು ಸಮಯ ಸಾಲದು.

ಕೇರಳದಲ್ಲಿ ಇದಕ್ಕೊಂದು ಅಡಿಪಾಯವಂತೂ ಇದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಚಳವಳಿ ಸ್ವಯಂಸೇವಕರ ಬಲದಿಂದ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರವು ಅದಕ್ಕಾಗಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಸ್ಥಳೀಯಾಡಳಿತ ಸಂಸ್ಥೆಗಳ ನೆರವಿನಿಂದ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಆದರೆ ದೀರ್ಘಕಾಲದ ಸಾಂತ್ವನ ಬೇರೆ, ಮತ್ತೆ ನಡೆಯುವಂತಾಗಲು ಬೇಕಾದ ನಿತ್ಯದ ವ್ಯಾಯಾಮ ಬೇರೆ. ಮೊದಲನೆಯದಕ್ಕೆ ದಾರಿಯಿದೆಯೆಂದು ಎರಡನೆಯದನ್ನು ಮರೆಯಲಾಗದು. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿದ ರೋಗಿಗಳು ಪಟ್ಟ ಪಾಡು, ಊರಿನಲ್ಲೇ ಆರೈಕೆ ಏಕೆ ಬೇಕೆಂಬುದನ್ನು ಮನಗಾಣಿಸಿದೆ.

ಇಲ್ಲಿನ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಚೀಟಿ ಇಂಗ್ಲಿಷಿನಲ್ಲಿ, ಮನೆಗೆ ಬರುವ ದಾದಿಯ ಮಾತು ಮಲಯಾಳದಲ್ಲಿ, ಅಜ್ಜಿಯ ನೋವು ಕನ್ನಡದಲ್ಲೋ ತುಳುವಿನಲ್ಲೋ. ನಡುವೆ ಭಾಷಾಂತರದ ಭಾರ ಶಾಲೆಗೆ ಹೋಗುವ ಮೊಮ್ಮಗುವಿನ ಮೇಲೆ ಬೀಳಬಾರದು. ಔಷಧದ ಪ್ರಮಾಣದಲ್ಲಿ ಮಗುವಿನಿಂದಾಗುವ ತಪ್ಪಿಗೆ ಮಗು ಹೊಣೆಯಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಆರೈಕೆಯ ಸೂಚನೆಗಳು ಕನ್ನಡದಲ್ಲಿಯೂ ದೊರೆಯಬೇಕೆಂದು ಪಂಚಾಯತಿಗೆ, ಆರೋಗ್ಯ ಕೇಂದ್ರಕ್ಕೆ ಕನ್ನಡದಲ್ಲೇ ಬರೆದು ಕೇಳಬಹುದು.

ಅಲ್ಲಿಯವರೆಗೆ ಆಸ್ಪತ್ರೆಯಿಂದ ಹೊರಡುವ ಮುನ್ನ ಮನೆಯವರು ಮೂರು ಪ್ರಶ್ನೆಗಳನ್ನಾದರೂ ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು: ದಿನವೂ ಮಾಡಿಸಬೇಕಾದ ವ್ಯಾಯಾಮ ಯಾವುದು? ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕು? ಊರಿನಲ್ಲಿ ಯಾರನ್ನು ಕಾಣಬೇಕು? ರೋಗಿ ಮನೆ ಸೇರಿದೊಡನೆ ಚಿಕಿತ್ಸೆ ಮುಗಿಯುವುದಿಲ್ಲ. ಅದು ಮನೆಯವರ ಕೈಗೆ ಬರುತ್ತದೆ.