‘ಆಪರೇಷನ್ ಆಗಿದೆ’ ಅಂದ್ರೆ ಸಾಲದು, ಯಾವುದು ಅಂತ ಗೊತ್ತಿರಲಿ

ಕುಂದಾಪುರ: "ನಂದ್ ಆಪ್ರೇಷನ್ ಆಯ್ತ್." ಗೇರುಬೀಜ ಫ್ಯಾಕ್ಟರಿಗೆ ಹೋಗುವವರಿರಲಿ, ಅಂಗಡಿ ಗಲ್ಲಾದಲ್ಲಿ ಕೂರುವವರಿರಲಿ, ನಮ್ಮೂರ ಹೆಂಗಸರು ಹೇಳುವುದು ಇಷ್ಟೇ. ಆದರೆ ಕತ್ತರಿ ಬಿದ್ದದ್ದು ಯಾವ ಭಾಗಕ್ಕೆ ಅನ್ನುವುದು ಮುಖ್ಯ.

ಒಳಗಿನ ಭಾಗಗಳು ಮೂರು. ಅಂಡಾಶಯ ಎರಡಿರುತ್ತವೆ, ಅಂಡಾಣು ಮತ್ತು ಹಾರ್ಮೋನು ತಯಾರಾಗುವುದು ಇಲ್ಲಿ. ಅಂಡಾಣು ಸಾಗುವ ದಾರಿ ಅಂಡನಾಳ. ಮಗು ಬೆಳೆಯುವ ಜಾಗ ಗರ್ಭಕೋಶ, ಮುಟ್ಟಿನ ರಕ್ತ ಬರುವುದೂ ಇಲ್ಲಿಂದಲೇ.

ಮಕ್ಕಳಾಗದ ಆಪರೇಷನ್‌ನಲ್ಲಿ ನಾಳವನ್ನು ಮಾತ್ರ ಮುಚ್ಚುತ್ತಾರೆ. ಮುಟ್ಟು ಮೊದಲಿನಂತೆ ಬರುತ್ತದೆ. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿದಿದ್ದರೆ ಹಾರ್ಮೋನು ಇರುತ್ತದೆ. ಎರಡೂ ಅಂಡಾಶಯ ತೆಗೆದರೆ ಮಾತ್ರ ಚಿಕ್ಕ ಪ್ರಾಯದಲ್ಲೂ ಮುಟ್ಟು ನಿಲ್ಲುವ ಹಂತ ಒಮ್ಮೆಲೇ ಬಂದುಬಿಡುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮುಂದೆ ಮೂಳೆ ಸವೆಯುವುದು ಇದರಿಂದಲೇ.

ಸಹಜವಾಗಿ ಈ ಹಂತ ಬರುವುದು ಹೆಚ್ಚಾಗಿ 45ರಿಂದ 55ರ ಒಳಗೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿದೆ ಅಂತ ಲೆಕ್ಕ. ಆಮೇಲೆ ಒಂದು ಹನಿ ರಕ್ತ ಕಂಡರೂ ‘ಮುಟ್ಟು ತಿರುಗಿ ಬಂತು’ ಅಂತ ಸುಮ್ಮನಿರಬೇಡಿ. ಹೆಚ್ಚಿನವರಿಗೆ ಕಾರಣ ಸಣ್ಣದೇ ಇರಬಹುದು, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ಕೂಡಲೇ ತೋರಿಸಿ.

ಹಾಗಂತ ಬಿಳಿಸೆರಗು, ಹೊಟ್ಟೆನೋವು ಅಂದಕೂಡಲೇ ಗರ್ಭಕೋಶ ತೆಗೆಸಬೇಕಾಗಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂದು ಕಲಬುರಗಿಯಲ್ಲಿ ತಾಂಡಾದ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದ್ದರು. ಗಡ್ಡೆ, ಅತಿಸ್ರಾವಕ್ಕೆ ಎಷ್ಟೋ ಸಲ ಮಾತ್ರೆ, ಹಾರ್ಮೋನು ಇರುವ ವಂಕಿಯಂಥ ದಾರಿಗಳಿವೆ. ಗಡ್ಡೆಗಳು ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ ಇದ್ದಾಗ ಆಪರೇಷನ್ ಜೀವ ಉಳಿಸುತ್ತದೆ ಅನ್ನುವುದೂ ನಿಜ.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಭಾಗ ತೆಗೀತೀರಿ? ಅಂಡಾಶಯ ಉಳಿಸ್ತೀರಾ? ಬೇರೆ ಚಿಕಿತ್ಸೆ ಇಲ್ವಾ? ಅನುಮಾನ ಇದ್ದರೆ ಕುಂದಾಪುರ ತಾಲೂಕು ಆಸ್ಪತ್ರೆಯಲ್ಲೋ, ಬೈಂದೂರು, ಬ್ರಹ್ಮಾವರದ ಸರ್ಕಾರಿ ಆಸ್ಪತ್ರೆಗಳಲ್ಲೋ ಇನ್ನೊಬ್ಬ ಡಾಕ್ಟರರನ್ನು ಕೇಳಿ. ಹತ್ತಿರದ ಆಶಾ ಕಾರ್ಯಕರ್ತೆಯರೂ ದಾರಿ ತೋರಿಸುತ್ತಾರೆ.

ಈಗಾಗಲೇ ಆಪರೇಷನ್ ಆದವರು ಡಿಸ್ಚಾರ್ಜ್ ಚೀಟಿ ಎಸೆಯಬೇಡಿ. ತೆಗೆದದ್ದು ಏನು, ಉಳಿದದ್ದು ಏನು ಅಂತ ಅದರಲ್ಲಿ ಬರೆದಿರುತ್ತದೆ. ಇಪ್ಪತ್ತು ವರ್ಷದ ನಂತರವೂ ಡಾಕ್ಟರು ಮೊದಲು ಕೇಳುವುದು ಅದನ್ನೇ.